ಆಷಾಢದ ಸೇಲಿಗೆ ಹೊರಟಿರಾ?

ಆಷಾಢ ಕಾಲಿಟ್ಟಿತೆಂದರೆ ಸಾಕು, ಪೇಟೆಬೀದಿಯ ಬಟ್ಟೆ ಅಂಗಡಿಗಳ ಮುಂದೆ ಬ್ಯಾನರುಗಳು ತೂಗಾಡತೊಡಗುತ್ತವೆ. ಈ ತಿಂಗಳಲ್ಲಿ ಮದುವೆ ಮುಂಜಿ ಇಲ್ಲ, ವ್ಯಾಪಾರ ಕಡಿಮೆ. ಶ್ರಾವಣದ ವರಮಹಾಲಕ್ಷ್ಮಿ ಹಬ್ಬಕ್ಕೆ ಹೊಸ ಸರಕು ತುಂಬಬೇಕಾದರೆ ಹಳೆಯದು ಖಾಲಿಯಾಗಬೇಕು. ರಿಯಾಯಿತಿಯ ಗುಟ್ಟು ಇಷ್ಟೇ. ಅದರಲ್ಲಿ ನಮಗೂ ಲಾಭ ಉಂಟು, ಆದರೆ ಕಣ್ಣು ತೆರೆದುಕೊಂಡು ಹೋದರೆ ಮಾತ್ರ!

ನಾನು ಒಂದು ಸಲ ಕಣ್ಣು ಮುಚ್ಚಿಕೊಂಡು ಹೋಗಿದ್ದೆ. ನಾದಿನಿಯ ಮನೆ ಗೃಹಪ್ರವೇಶಕ್ಕೆ ಉಡುಗೊರೆ ಕೊಡಬೇಕಿತ್ತು. ಚೀಟಿ ಹಣ ಕೈಯಲ್ಲಿತ್ತು. "ಅಕ್ಕಾ, ಡಿಸೈನರ್ ರೇಷ್ಮೆ ಸೀರೆ, ಅರ್ಧ ಬೆಲೆ, ಇವತ್ತೇ ಕೊನೆ" ಎಂದ ಅಂಗಡಿಯ ಹುಡುಗ. ತಗೊಂಡು ಬಂದೆ. ತಿಂಗಳ ಮೇಲೆ ನಾದಿನಿ ಅದಕ್ಕೆ ಇಸ್ತ್ರಿ ಹಾಕಲು ಹೋದರೆ ಸೆರಗು ಸುರುಟಿ ಪೆಟ್ಟಿಗೆಗೆ ಅಂಟಿಕೊಂಡಿತು. "ಅತ್ತಿಗೆ, ಇದು ರೇಷ್ಮೆ ಅಲ್ಲ ಅನ್ಸುತ್ತೆ" ಎಂದಳು ಮೆಲ್ಲಗೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಂಗಡಿಗೆ ಹೋಗಿ ಕೇಳೋಣವೆಂದು ಬಿಲ್ಲು ಹುಡುಕಿದರೆ, ಅದರಲ್ಲಿ ಬರೆದಿದ್ದದ್ದು "ಫ್ಯಾನ್ಸಿ ಸೀರೆ" ಎಂದಷ್ಟೇ. ಏನೆಂದು ಜಗಳವಾಡಲಿ?

ಅಂದಿನಿಂದ ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲಿಗೆ ಲೆಕ್ಕ. ಬ್ಯಾನರಿನಲ್ಲಿ 50 ಎಂಬ ಅಂಕಿ ದಪ್ಪಕ್ಷರದಲ್ಲಿದ್ದರೆ, ಅದರ ಪಕ್ಕ ಸಣ್ಣಕ್ಷರದ "ವರೆಗೆ" ಎಂಬುದನ್ನೂ ಓದಿ. ಶೇಕಡಾ 50 ಮತ್ತು 20 ಸೇರಿದರೆ 70 ಅಲ್ಲ. 2000 ರೂಪಾಯಿಯ ಸೀರೆ ಮೊದಲು 1000 ಆಗುತ್ತದೆ, ಆ ಸಾವಿರದಲ್ಲಿ 200 ಕಳೆದು 800. ಅಂದರೆ ರಿಯಾಯಿತಿ ಶೇಕಡಾ 60 ಮಾತ್ರ. ಬೇಕಾದ ಸೀರೆಯ ಬೆಲೆಯನ್ನು ವೈಶಾಖದಲ್ಲೇ ಒಮ್ಮೆ ಕೇಳಿ ಬರೆದಿಟ್ಟುಕೊಳ್ಳಿ. ಬೆಲೆ ಇಳಿಸಿದ್ದಾರೋ, ಏರಿಸಿ ಇಳಿಸಿದ್ದಾರೋ ಆಗ ಗೊತ್ತಾಗುತ್ತದೆ. ಡಿಸೈನರ್ ಸೀರೆಗಾದರೆ ಬ್ಲೌಸ್ ಹೊಲಿಗೆ, ಫಾಲ್ಸು, ಕುಚ್ಚು, ಡ್ರೈಕ್ಲೀನಿಂಗ್ ಖರ್ಚನ್ನೂ ಕೂಡಿಸಿ.

ಎರಡನೆಯದು, ಗುರುತು. ಶುದ್ಧ ರೇಷ್ಮೆಗೆ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಆರಂಭವಾದ ಸಿಲ್ಕ್ ಮಾರ್ಕ್ ಚೀಟಿ ಇದೆ. ಅದರ ಮೇಲೆ ಹೊಳೆಯುವ ಹಾಲೋಗ್ರಾಂ ಮತ್ತು ಸಂಖ್ಯೆ ಇರುತ್ತವೆ. ಮೈಸೂರು ಸಿಲ್ಕ್ ಬೇಕೆನ್ನುವವರು ಕೆ.ಎಸ್.ಐ.ಸಿ. ಮಳಿಗೆಗೇ ಹೋಗುವುದು ಒಳಿತು. ಅವರ ಸೀರೆಗೂ ಸಂಖ್ಯೆ, ಹಾಲೋಗ್ರಾಂ ಉಂಟು. ಅಲ್ಲಿಯೂ ಆಗಾಗ ರಿಯಾಯಿತಿ ಕೊಡುತ್ತಾರೆ.

ಮೂರನೆಯದು, ಮನೆಯ ಪರೀಕ್ಷೆ. ಸೆರಗಿನ ತುದಿಯಿಂದ ಉದ್ದದ ಎಳೆ ಒಂದು, ಅಡ್ಡದ ಎಳೆ ಒಂದು ತೆಗೆದು, ಬೇರೆ ಬೇರೆಯಾಗಿ ಬೆಂಕಿ ತಾಗಿಸಿ. ಒಂದೇ ಎಳೆ ಸಾಲದು, ಒಂದು ಕಡೆ ರೇಷ್ಮೆ, ಇನ್ನೊಂದು ಕಡೆ ಪಾಲಿಯೆಸ್ಟರ್ ಹಾಕಿ ನೇಯುವುದೂ ಉಂಟು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಬಿಲ್ಲು. "ಶುದ್ಧ ರೇಷ್ಮೆ ಎಂದು ಬಿಲ್ಲಿನಲ್ಲಿ ಬರೆದುಕೊಡಿ" ಎಂದು ಕೇಳಿ. ಸಂಕೋಚ ಬೇಡ. ಬರೆಯಲು ಹಿಂಜರಿದರೆ ಉತ್ತರ ಅಲ್ಲೇ ಸಿಕ್ಕಿತು! "ಮಾರಿದ ಮಾಲು ವಾಪಸಿಲ್ಲ" ಎಂಬ ಬೋರ್ಡಿಗೂ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸು ಪಡೆದು ಹಣ ಕೊಡಲು ಒಪ್ಪದಿರುವುದು ತಪ್ಪು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಹೇಳಬಹುದು.

ಅಷ್ಟಾಗಿ, ಸೀರೆ ಕೈಯಲ್ಲಿ ಹಿಡಿದಾಗ ನಿಮ್ಮನ್ನೇ ಒಂದು ಮಾತು ಕೇಳಿಕೊಳ್ಳಿ: ರಿಯಾಯಿತಿ ಇಲ್ಲದಿದ್ದರೆ ಇದು ನನಗೆ ಬೇಕಿತ್ತೇ? ಬೇಡದ ಸೀರೆಗೆ 800 ಕೊಟ್ಟರೆ ಉಳಿದದ್ದು 1200 ಅಲ್ಲ, ಹೋದದ್ದು 800.

ನಾದಿನಿಗೆ ಮರುವರ್ಷ ಗೌರಿಹಬ್ಬಕ್ಕೆ ಒಂದು ಒಳ್ಳೆಯ ಕಾಟನ್ ಸೀರೆ ಕೊಟ್ಟೆ. ಅದನ್ನು ಅವಳು ಇವತ್ತಿಗೂ ಉಡುತ್ತಾಳೆ.