ಚರಂಡಿಯ ನೀರು ನುಡಿಯುವ ಸಾಕ್ಷಿ

ಕಳೆದ ತಿಂಗಳ ಅಂಕಣವನ್ನು ಓದಿದ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. "ಚರಂಡಿಯ ನೀರನ್ನು ಪರೀಕ್ಷಿಸಿ ಊರಿಗೆ ಯಾವ ರೋಗ ಬಂದಿದೆಯೆಂದು ಹೇಳುತ್ತಾರಂತೆ, ನಿಜವೇ ಗುರುಗಳೇ? ನಮ್ಮಂಥ ಹಳ್ಳಿಯವರಿಗೆ ಅದರಿಂದ ಏನು ಪ್ರಯೋಜನ?" ಎಂಬುದು ಅವರ ಪ್ರಶ್ನೆ. ನಿಜ, ತಾಯಿ. ಪೂಜೆ ಪ್ರಸಾದಗಳ ವಿಚಾರ ಬರುವ ಪುಟದಲ್ಲಿ ಚರಂಡಿಯ ಮಾತೇಕೆಂದು ಕೆಲವರು ಹುಬ್ಬೇರಿಸಬಹುದು. ಅಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಗೊಂಡ ಸತ್ಯಕ್ಕನನ್ನು ಮಹಾಶರಣೆಯೆಂದು ನೆನೆಯುವ ನಮಗೆ ಆ ಸಂಕೋಚ ಸಲ್ಲದು.

ಪೋಲಿಯೋ ರೋಗದ ಸ್ವಭಾವವನ್ನು ತಿಳಿದರೆ ಈ ಪರೀಕ್ಷೆಯ ಅಗತ್ಯ ತಾನಾಗಿಯೇ ಮನವರಿಕೆಯಾಗುತ್ತದೆ. ಅದರ ವೈರಾಣು ಬಾಯಿಯ ಮೂಲಕ ಒಳಹೊಕ್ಕು ಕರುಳಿನಲ್ಲಿ ವೃದ್ಧಿಯಾಗಿ, ಹಲವು ವಾರಗಳವರೆಗೆ ಮಲದೊಡನೆ ಹೊರಬೀಳುತ್ತದೆ. ಸೋಂಕು ತಗಲಿದ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಕೈಕಾಲು ಸ್ವಾಧೀನ ತಪ್ಪುತ್ತದೆ. ಉಳಿದವರಲ್ಲಿ ಬಹುಮಂದಿಗೆ ತಮಗೆ ಸೋಂಕು ತಗಲಿತ್ತೆಂಬುದೇ ತಿಳಿಯದು. ಆದುದರಿಂದ ಒಂದು ಮಗು ಕುಂಟಿದ ಮೇಲೆ ಎಚ್ಚೆತ್ತರೆ, ಅಷ್ಟರಲ್ಲಿ ವೈರಾಣು ನೂರಾರು ಮನೆಗಳನ್ನು ಹೊಕ್ಕಿರುತ್ತದೆ. ನಾನು ಬಾಲ್ಯದಲ್ಲಿದ್ದ ಮಠದ ಪ್ರಸಾದನಿಲಯದಲ್ಲಿ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಡೆಯುವ ಸಹಪಾಠಿಯೊಬ್ಬನಿದ್ದ. ಪಂಕ್ತಿಯಲ್ಲಿ ಕುಳಿತರೆ ಅವನ ಕಾಲು ಮಡಿಚುತ್ತಿರಲಿಲ್ಲ. ಆ ಚಿತ್ರ ಇಂದಿಗೂ ಕಣ್ಣಿನಿಂದ ಮರೆಯಾಗಿಲ್ಲ.

ರೋಗಿ ಕಾಣದಿದ್ದರೂ ಮಲ ಚರಂಡಿಯನ್ನು ಸೇರಲೇಬೇಕಷ್ಟೆ. ಅಮೆರಿಕದ ಜಾನ್ ಪಾಲ್ ಮತ್ತು ಜೇಮ್ಸ್ ಟ್ರಾಸ್ಕ್ ಎಂಬ ವೈದ್ಯವಿಜ್ಞಾನಿಗಳು ಕೊಳಚೆ ನೀರಿನಲ್ಲಿ ಪೋಲಿಯೋ ವೈರಾಣು ಇರುವುದನ್ನು 1939ರಷ್ಟು ಹಿಂದೆಯೇ ಪ್ರಕಟಿಸಿದ್ದರು. ಅಂದು ಅದನ್ನು ಪತ್ತೆಮಾಡಲು ಕೋತಿಗಳಿಗೆ ಚುಚ್ಚಿ ನೋಡಬೇಕಾಗಿತ್ತು. ಇಂದು ನೀರಿನ ಮಾದರಿಯನ್ನು ಸಾಂದ್ರಗೊಳಿಸಿ, ಜೀವಕೋಶಗಳಲ್ಲಿ ವೈರಾಣುವನ್ನು ಬೆಳೆಸಿ, ಅದರ ವಂಶವಾಹಿಯನ್ನು ಓದಿ, ಅದು ಯಾವ ದೇಶದ ವೈರಾಣುವಿಗೆ ಹತ್ತಿರದ ಬಂಧುವೆಂಬುದನ್ನೂ ಹೇಳಬಲ್ಲರು.

ಇಸ್ರೇಲಿನಲ್ಲಿ ನಡೆದುದನ್ನು ಕೇಳಿ. 1988ರ ನಂತರ ಆ ದೇಶದಲ್ಲಿ ಪೋಲಿಯೋ ರೋಗಿಗಳಿರಲಿಲ್ಲ. 2005ರಿಂದ ಬಾಯಿಗೆ ಹಾಕುವ ಹನಿಯನ್ನು ಬಿಟ್ಟು ಚುಚ್ಚುಮದ್ದನ್ನು ಮಾತ್ರ ಕೊಡುತ್ತಿದ್ದರು. 2013ರ ಮೇ ತಿಂಗಳ ಕೊನೆಯಲ್ಲಿ, ದಕ್ಷಿಣದ ನೆಗೆವ್ ಮರುಭೂಮಿಯ ರಹತ್ ಎಂಬ ಊರಿನ ಕೊಳಚೆಯಲ್ಲಿ ಪೋಲಿಯೋದ ಮೂಲ ವೈರಾಣು ಕಾಣಿಸಿತು. ತೆಗೆದಿರಿಸಿದ್ದ ಹಳೆಯ ಮಾದರಿಗಳನ್ನು ಮತ್ತೆ ಪರೀಕ್ಷಿಸಿದಾಗ, ಅದು ಫೆಬ್ರವರಿಯಿಂದಲೇ ಹರಿಯುತ್ತಿತ್ತೆಂದು ಗೊತ್ತಾಯಿತು. ಅದು ಪಾಕಿಸ್ತಾನದ ವೈರಾಣುವಿಗೂ, 2012ರ ಡಿಸೆಂಬರಿನಲ್ಲಿ ಈಜಿಪ್ತಿನ ಕೈರೋ ನಗರದ ಕೊಳಚೆಯಲ್ಲಿ ಸಿಕ್ಕ ವೈರಾಣುವಿಗೂ ಸಂಬಂಧಿಸಿದ್ದಾಗಿತ್ತು. ಆದರೆ ಇಡೀ ದೇಶದಲ್ಲಿ ಒಂದು ಮಗುವಿನ ಕಾಲೂ ಬತ್ತಿರಲಿಲ್ಲ!

ಇಲ್ಲಿ ಒಂದು ಧರ್ಮಸೂಕ್ಷ್ಮವಿದೆ. ಚುಚ್ಚುಮದ್ದು ಆ ಮಕ್ಕಳನ್ನು ಅಂಗವೈಕಲ್ಯದಿಂದ ಕಾಪಾಡಿತ್ತು. ಆದರೆ ಕರುಳಿನಲ್ಲಿ ವೈರಾಣು ನೆಲೆಸುವುದನ್ನು ಅದು ಅಷ್ಟಾಗಿ ತಡೆಯಲಾರದು. ಅದನ್ನು ತಡೆಯುವ ಶಕ್ತಿ ಬಾಯಿಯ ಹನಿಗೆ ಹೆಚ್ಚು. ಹೀಗಾಗಿ ಸುರಕ್ಷಿತವಾಗಿಯೇ ಇದ್ದ ಮಕ್ಕಳಿಗೆ ಮತ್ತೆ ಹನಿ ಹಾಕಿಸಬೇಕೆಂದು ಸರ್ಕಾರ ಕೇಳಬೇಕಾಯಿತು. ಅದು ಲಸಿಕೆ ಪಡೆಯಲಾಗದ ಪರರ ಮಕ್ಕಳಿಗಾಗಿ, ಮನೆಯ ಮುದುಕರಿಗಾಗಿ. "ನನ್ನ ಮಗುವಿಗೆ ಬೇಕಿಲ್ಲದ್ದನ್ನು ಏಕೆ ಕೊಡಲಿ?" ಎಂಬ ಪ್ರಶ್ನೆ ಎದ್ದಿತು. ಹನಿಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಾಣುವಾದುದರಿಂದ ತಾಯ್ತಂದೆಯರ ಅಳುಕನ್ನು ಹುಂಬತನವೆಂದು ನಾನು ತಳ್ಳಿಹಾಕಲಾರೆ. ಮೊದಲೇ ಚುಚ್ಚುಮದ್ದು ಪಡೆದ ಮಗುವಿಗೆ ಅದರಿಂದ ಅಪಾಯ ಇಲ್ಲವೆನ್ನುವಷ್ಟು ಕಡಿಮೆಯೆಂಬುದೂ ಅಷ್ಟೇ ಸತ್ಯ. ಆ ಆಗಸ್ಟ್ ತಿಂಗಳಲ್ಲಿ ಆರಂಭವಾದ ಅಭಿಯಾನದಲ್ಲಿ ಹತ್ತು ವರ್ಷದೊಳಗಿನ ಸುಮಾರು 9 ಲಕ್ಷ ಮಕ್ಕಳು ಹನಿ ಪಡೆದರು. ಯಾರಿಗೂ ಪಾರ್ಶ್ವವಾಯು ತಗಲದೆ ಆ ವೈರಾಣುವಿನ ಹರಿವು ಮರುವರ್ಷ ನಿಂತುಹೋಯಿತು. ಮುಖವನ್ನೇ ಕಾಣದ ಪರರಿಗಾಗಿ ತನ್ನ ಮಗುವಿನ ಬಾಯಿ ತೆರೆಸಿದ ಆ ತಾಯಂದಿರದು ದಾಸೋಹವಲ್ಲದೆ ಮತ್ತೇನು?

ನಮ್ಮ ದೇಶವೂ ಈ ವಿದ್ಯೆಯಲ್ಲಿ ಹಿಂದುಳಿದಿಲ್ಲ. ಮುಂಬಯಿಯಲ್ಲಿ 2001ರಿಂದಲೇ ಕೊಳಚೆಯಲ್ಲಿ ಪೋಲಿಯೋ ಹುಡುಕುವ ಕೆಲಸ ನಡೆದಿದೆ. ಮೂಲ ವೈರಾಣುವಿನ ಕೊನೆಯ ರೋಗಿ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡ ಬಾಲೆ. 2014ರ ಮಾರ್ಚ್ 27ರಂದು ಭಾರತವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಕೋವಿಡ್ ಕಾಲದಲ್ಲಿ, 2022ರಲ್ಲಿ, ಬೆಂಗಳೂರಿನ 28 ಸಂಸ್ಕರಣಾ ಘಟಕಗಳ ನೀರನ್ನು ವಿಜ್ಞಾನಿಗಳು ಇದೇ ಬಗೆಯಲ್ಲಿ ಪರೀಕ್ಷಿಸಿದರು. ಆಸ್ಪತ್ರೆಗೆ ಹೋಗಲಾರದ ಬಡವನ ಮನೆಯೂ, ಬಂಗಲೆಯೂ ಆ ಒಂದು ಬಾಟಲಿಯೊಳಗೆ ಕೂಡಿಬರುತ್ತವೆ. ಯಾರ ಹೆಸರೂ, ಯಾರ ಕುಲವೂ ಅದರಲ್ಲಿರುವುದಿಲ್ಲ.

ಇನ್ನು ಆ ತಾಯಿಯ ಎರಡನೆಯ ಪ್ರಶ್ನೆ. ಊರಿನ ನೀರೆಲ್ಲ ಒಂದೆಡೆ ಕೂಡುವ ಕೊಳವೆಯಾಗಲಿ, ದೊಡ್ಡ ಮೋರಿಯಾಗಲಿ ಇಲ್ಲದ ಹಳ್ಳಿಯಲ್ಲಿ ಈ ಪರೀಕ್ಷೆ ನಡೆಯುವುದು ಕಷ್ಟ. ಗುಂಡಿಯ ಶೌಚಾಲಯ ತನ್ನ ಮನೆಯ ಸುದ್ದಿಯನ್ನು ಹೊರಗೆ ಹೇಳುವುದಿಲ್ಲ. ಅಲ್ಲಿ ಮನೆಯವರ ಕಣ್ಣೇ ಕಾವಲು. 15 ವರ್ಷದೊಳಗಿನ ಮಗುವಿನ ಕೈಯೋ ಕಾಲೋ ಇದ್ದಕ್ಕಿದ್ದಂತೆ ಜೋತುಬಿದ್ದರೆ, ಗಾಳಿ ತಾಗಿತೆಂದು ಎಣ್ಣೆ ತಿಕ್ಕುತ್ತ ದಿನ ಕಳೆಯದೆ, ಅಂದೇ ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಿಳಿಸಬೇಕು. 14 ದಿನಗಳೊಳಗೆ, ಕನಿಷ್ಠ ಒಂದು ದಿನದ ಅಂತರದಲ್ಲಿ, ಎರಡು ಸಲ ಮಲದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುವುದು ಕ್ರಮ. ಕೇಳಲು ಬಂದವರಿಗೆ ನಾಚಿಕೆಪಟ್ಟು ಇಲ್ಲವೆನ್ನಬೇಡಿ.