ಗಾಳಿಯ ಲೆಕ್ಕ ಕೇಳೋಣ

ರಜೆಗೆ ಊರಿಗೆ ಹೊರಡುವ ಗಲ್ಫ್ ಕನ್ನಡಿಗರಾದ ನಾವು ಲಗೇಜನ್ನು ಗ್ರಾಂ ಲೆಕ್ಕದಲ್ಲಿ ತೂಗುತ್ತೇವೆ. ವಿಮಾನದೊಳಗಿನ ಗಾಳಿಯ ಬಗ್ಗೆ ಕೇಳುವುದಿಲ್ಲ. ಹಾರಾಟದ ವೇಳೆ ಚಿಂತೆ ಕಡಿಮೆ. ಈಗಿನ ಹೆಚ್ಚಿನ ಜೆಟ್‌ಗಳಲ್ಲಿ ಸುಮಾರು ಅರ್ಧದಷ್ಟು ಗಾಳಿ ಹೊರಗಿನದು, ಉಳಿದದ್ದು ಹೆಪಾ ಫಿಲ್ಟರ್‌ನಲ್ಲಿ ಸೋಸಿದ್ದು. ಗಂಟೆಗೆ 20–30 ಬಾರಿ ಗಾಳಿ ಬದಲಾಗುತ್ತದೆ.

ತೊಂದರೆ ಇರುವುದು ನೆಲದ ಮೇಲೆ. 1977ರಲ್ಲಿ ಅಲಾಸ್ಕಾದಲ್ಲಿ ಎಂಜಿನ್ ಕೆಟ್ಟು ಮೂರು ಗಂಟೆ ನಿಂತ ವಿಮಾನದಲ್ಲಿ ಗಾಳಿ ವ್ಯವಸ್ಥೆಯೂ ನಿಂತಿತ್ತು. ಒಳಗಿದ್ದ ಒಬ್ಬರಿಗೆ ಫ್ಲೂ. ಮೂರು ದಿನಗಳಲ್ಲಿ ಶೇ 72ರಷ್ಟು ಪ್ರಯಾಣಿಕರು ಕಾಯಿಲೆ ಬಿದ್ದರು. ಗಾಳಿ ವ್ಯವಸ್ಥೆ ಇಲ್ಲದೆ ಪ್ರಯಾಣಿಕರನ್ನು 30 ನಿಮಿಷಕ್ಕಿಂತ ಹೆಚ್ಚು ಕೂರಿಸಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ನೆಲದಲ್ಲಿ ಗಾಳಿ ಹರಿಸಲು ಇಂಧನ ಬೇಕು, ನಿಜ. ಬ್ಯಾಲೆನ್ಸ್ ಶೀಟ್ ನೋಡುವ ನಮಗೂ ಅದು ಗೊತ್ತು. ಆದರೆ ಆ ಉಳಿತಾಯವನ್ನು ವಯಸ್ಸಾದ ತಂದೆ–ತಾಯಿ, ಹಸುಗೂಸುಗಳ ಉಸಿರಿನ ಖಾತೆಗೆ ಖರ್ಚು ಬರೆಯಬಾರದು. ವಿಮಾನ ತಡವಾದಾಗ ‘ಗಾಳಿ ಬಿಡಿ, ಇಲ್ಲವೇ ಇಳಿಸಿ’ ಎಂದು ಕೇಳುವುದು ಜಗಳವಲ್ಲ. ನಮ್ಮ ಕನ್ನಡ ಸಂಘಗಳು ಈ 30 ನಿಮಿಷದ ಮಿತಿಯನ್ನು ಲಿಖಿತ ನಿಯಮವಾಗಿಸುವಂತೆ ವಿಮಾನ ಕಂಪನಿಗಳಿಗೆ ಪತ್ರ ಬರೆಯಲಿ. ಟಿಕೆಟ್‌ಗೆ ದುಡ್ಡು ಕೊಟ್ಟವರಿಗೆ ಗಾಳಿಯ ಲೆಕ್ಕವೂ ಸಿಗಬೇಕು.