ಗೀಸರ್ ಬದಲಿಸುವ ಮುನ್ನ

ಹಳೆಯ ಗೀಸರ್ ಕೆಟ್ಟು ಹೊಸದನ್ನು ತರುವಾಗ ಎಷ್ಟು ಲೀಟರ್, ಎಷ್ಟು ಬೆಲೆ ಎಂದು ವಿಚಾರಿಸುವವರೇ ಎಲ್ಲರೂ. ಸುರಕ್ಷತೆಯ ಮಾತು ಬಂದರೆ, 'ಎಂಸಿಬಿ ಇದೆಯಲ್ಲ' ಎಂಬ ಧೈರ್ಯ.

ಆ ಧೈರ್ಯ ಸರಿಯೇ? ಶಾಲೆಯಲ್ಲಿ ಕಲಿತ ಓಮನ ನಿಯಮದಿಂದಲೇ ಲೆಕ್ಕ ಹಾಕಬಹುದು. 2,000 ವ್ಯಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರ್ ಎಂಸಿಬಿ ಇದೆ ಎನ್ನೋಣ. ಒದ್ದೆ ಮೈಯ ರೋಧ 1,000 ಓಮ್ ಎಂದಿಟ್ಟುಕೊಂಡರೆ ಮೈಯಲ್ಲಿ ಹರಿಯುವುದು 0.23 ಆಂಪಿಯರ್. ಪ್ರಾಣ ಹೋಗಲು ಅಷ್ಟೇ ಸಾಕು. ಎಂಸಿಬಿಗೆ ಮಾತ್ರ ಅದು ಲೆಕ್ಕಕ್ಕೇ ಇಲ್ಲ. ಅದು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ.

ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಫೇಸ್ ತಂತಿಯಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲ್‌ನಲ್ಲಿ ಮರಳಬೇಕು. ಮನೆಗಳಿಗೆ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರ್ ಸೋರಿದರೆ 0.3 ಸೆಕೆಂಡಿನೊಳಗೆ, ಮೇಲೆ ಹೇಳಿದಷ್ಟು ಸೋರಿದರೆ 0.04 ಸೆಕೆಂಡಿನೊಳಗೆ ಸಂಪರ್ಕ ಕಡಿಯುತ್ತದೆ.

ಹಾಗೆಂದು ಅರ್ಥಿಂಗ್ ಬೇಡವೆಂದಲ್ಲ. ಅರ್ಥಿಂಗ್ ಸರಿಯಿದ್ದರೆ ಗೀಸರಿನ ಮೈಗೆ ಸೋರಿದ ಕರೆಂಟು ಆ ತಂತಿಯಲ್ಲೇ ಇಳಿಯುತ್ತದೆ. ಯಾರೂ ಮುಟ್ಟುವ ಮೊದಲೇ ಆರ್‌ಸಿಸಿಬಿ ಬೀಳುತ್ತದೆ. ಇಲ್ಲದಿದ್ದರೆ, ಮುಟ್ಟಿದವರ ಮೈಯೇ ದಾರಿ.

ಆದ್ದರಿಂದ ಹೊಸ ಗೀಸರ್ ಕೂರಿಸುವ ದಿನವೇ ಮೇನ್ ಆಫ್ ಮಾಡಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಬೇಕು. ಪ್ಲಗ್ಗಿನ ದಪ್ಪ ಪಿನ್ನನ್ನು ಖಾಲಿ ಬಿಡಬಾರದು. ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಬೇಕು. ಇದ್ದರೆ, ಅದರ ಮೇಲಿನ 'ಟೆಸ್ಟ್' ಗುಂಡಿಯನ್ನು ಹಿರಿಯರು ಆಗಾಗ ಒತ್ತಿ ನೋಡಬೇಕು. ಒತ್ತಿದಾಗ ಸ್ವಿಚ್ ಬೀಳದಿದ್ದರೆ ಅದನ್ನು ನಂಬಿ ಸ್ನಾನಕ್ಕಿಳಿಯಬಾರದು.